ಮುಖ ನೋಡದೆ ಹಾಕುವ ಮಣೆ

2000ನೇ ಇಸವಿಯ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪತ್ರಿಕೆಗಳ ಮುಖಪುಟದಲ್ಲಿ ಒಬ್ಬ ಶಾಲಾ ವಿದ್ಯಾರ್ಥಿನಿಯ ಸುದ್ದಿ ದಿನಗಟ್ಟಲೆ ಓಡಿತು. ಈಶಾನ್ಯ ಇಂಗ್ಲೆಂಡಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದ ಆಕೆಗೆ ವೈದ್ಯಕೀಯ ಸೀಟು ಕೊಡಲು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು ಒಪ್ಪಿರಲಿಲ್ಲ. ಅತ್ತ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ಕೊಟ್ಟು ಕರೆದಿತ್ತು. ಹಣಕಾಸು ಸಚಿವ ಗಾರ್ಡನ್ ಬ್ರೌನ್ ಇದನ್ನು ಹಳೆಯ ವರ್ಗಭೇದದ ಉದಾಹರಣೆಯೆಂದು ಬಹಿರಂಗವಾಗಿ ಖಂಡಿಸಿದರು. ಐದು ಸೀಟಿಗೆ ಇಪ್ಪತ್ತೆರಡು ಮಂದಿ ಅರ್ಜಿ ಹಾಕಿದ್ದರು, ಎಲ್ಲರೂ ಜಾಣರೇ ಎಂದು ಕಾಲೇಜು ಸಮರ್ಥಿಸಿಕೊಂಡಿತು. ಶ್ರೀಮಂತ ಶಾಲೆ, ಬಡ ಶಾಲೆ, ಉತ್ತರ, ದಕ್ಷಿಣ ಎಂದು ವಾದ ಬೆಳೆಯುತ್ತಲೇ ಹೋಯಿತು. ಅದರ ನಡುವೆ ಒಂದು ಸಂಗತಿ ಬಹುತೇಕರ ಗಮನಕ್ಕೇ ಬರಲಿಲ್ಲ. ಆಕ್ಸ್‌ಫರ್ಡ್ ಬೇಡವೆಂದಾಗ, ಹಾರ್ವರ್ಡ್ ಬಾ ಎಂದಾಗ, ಆಕೆ ಇನ್ನೂ ಎ-ಲೆವೆಲ್ ಅಂತಿಮ ಪರೀಕ್ಷೆಯನ್ನು ಬರೆದೇ ಇರಲಿಲ್ಲ. ಎರಡು ದೇಶಗಳ ಎರಡು ದೊಡ್ಡ ವಿದ್ಯಾಸಂಸ್ಥೆಗಳು ಒಬ್ಬಳೇ ವಿದ್ಯಾರ್ಥಿನಿಯ ಬಗ್ಗೆ ತದ್ವಿರುದ್ಧ ತೀರ್ಮಾನ ಕೊಟ್ಟಿದ್ದವು, ಮತ್ತು ಆಕೆ ಎರಡು ವರ್ಷ ಓದಿ ತಯಾರಾಗುತ್ತಿದ್ದ ಪರೀಕ್ಷೆಗೆ ಆ ಎರಡರಲ್ಲೂ ಪಾತ್ರವಿರಲಿಲ್ಲ.

ಬ್ರಿಟನ್ ಮತ್ತು ಅಮೆರಿಕದ ಶಾಲಾ ಅರ್ಹತೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಕೇಳುವುದು ಯಾವುದು ಕಷ್ಟ, ಯಾವುದು ಸುಲಭ, ಯಾವುದಕ್ಕೆ ಯಾವುದು ಸಮ ಎಂದು. ಈ ಪ್ರಶ್ನೆಗೆ ಉತ್ತರ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಹದಿನೆಂಟರ ಮಗುವಿನ ಯೋಗ್ಯತೆಯ ಬಗ್ಗೆ ಯಾರ ಮಾತನ್ನು ನಂಬಬೇಕು? ಮಗುವನ್ನು ಬಲ್ಲವರ ಮಾತನ್ನೋ, ಮಗುವಿನ ಹೆಸರೂ ತಿಳಿಯದ ಮೌಲ್ಯಮಾಪಕರ ಮಾತನ್ನೋ? ಬ್ರಿಟನ್ ಎರಡನೆಯದನ್ನು ನಂಬುವುದಾಗಿ ಹೇಳಿಕೊಳ್ಳುತ್ತದೆ, ಅಮೆರಿಕ ಮೊದಲನೆಯದನ್ನು. ನನ್ನ ಮಟ್ಟಿಗೆ ಹೇಳುವುದಾದರೆ, ಹಣ, ವಶೀಲಿ, ಓದಿದ ತಂದೆತಾಯಿ ಯಾವುದೂ ಇಲ್ಲದ ಮಗುವಿಗೆ ಹೊರಗಿನವರು ತಿದ್ದುವ ಸಾರ್ವಜನಿಕ ಪರೀಕ್ಷೆಯಷ್ಟು ನ್ಯಾಯ ಒದಗಿಸುವ ಇನ್ನೊಂದು ಸಾಧನ ಇದುವರೆಗೆ ಕಂಡಿಲ್ಲ. ಅದನ್ನು ಕಟ್ಟಿ ಬೆಳೆಸಿದ ಬ್ರಿಟನ್ನೇ ಅದರ ಫಲಿತಾಂಶ ಬರುವ ಮೊದಲು ಸೀಟು ಹಂಚಿ ಅದನ್ನು ಹಾಳುಗೆಡವಿದೆ. ಅಮೆರಿಕದಿಂದ ಕಲಿಯಬೇಕಾದದ್ದೂ ಬೇಕಾದಷ್ಟಿದೆ. ಆದರೆ ಅದು ಹಾರ್ವರ್ಡಿನ ಪ್ರವೇಶ ಕಚೇರಿಯಲ್ಲಿ ಸಿಗುವುದಿಲ್ಲ.

ಮೊದಲು ಎರಡೂ ಪ್ರಮಾಣಪತ್ರಗಳು ಹೇಗೆ ತಯಾರಾಗುತ್ತವೆಂದು ಹತ್ತಿರದಿಂದ ನೋಡಬೇಕು. ಇಂಗ್ಲೆಂಡಿನ ವಿದ್ಯಾರ್ಥಿ ಹದಿನಾರನೇ ವಯಸ್ಸಿಗೆ ಎಂಟು ಹತ್ತು ವಿಷಯಗಳಲ್ಲಿ ಜಿಸಿಎಸ್‌ಇ ಬರೆಯುತ್ತಾನೆ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮೂರೇ ವಿಷಯ, ಎರಡು ವರ್ಷ, ಕೊನೆಯಲ್ಲಿ ಎ-ಲೆವೆಲ್ ಪರೀಕ್ಷೆ. 1951ರಲ್ಲಿ ಆರಂಭವಾದ ಈ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಶಾಲೆ ಸಿದ್ಧಪಡಿಸುವುದಿಲ್ಲ. ಎಕ್ಯೂಎ, ಓಸಿಆರ್, ಪಿಯರ್ಸನ್‌ನ ಎಡೆಕ್ಸೆಲ್‌ನಂಥ ಮಂಡಳಿಗಳು ಸಿದ್ಧಪಡಿಸುತ್ತವೆ. ಎಡೆಕ್ಸೆಲ್‌ನ ಗಣಿತವನ್ನೇ ತೆಗೆದುಕೊಳ್ಳಿ: ತಲಾ ಎರಡು ಗಂಟೆಯ, ತಲಾ ನೂರು ಅಂಕದ ಮೂರು ಪತ್ರಿಕೆಗಳು. ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಪ್ರಶ್ನೆ ಪ್ರಶ್ನೆಯಾಗಿ ಬಿಡಿಸಿ ಮೌಲ್ಯಮಾಪಕರ ಕಂಪ್ಯೂಟರಿಗೆ ಕಳಿಸುತ್ತಾರೆ. ಹೀಗಾಗಿ ಒಬ್ಬನ ಏಳನೇ ಪ್ರಶ್ನೆಯನ್ನು ನೋಡಿದವರು ಅವನ ಎಂಟನೆಯದನ್ನು ನೋಡದೇ ಇರಬಹುದು. ನಡುನಡುವೆ ಹಿರಿಯ ಪರೀಕ್ಷಕರು ಆಗಲೇ ಅಂಕ ನಿಗದಿ ಮಾಡಿಟ್ಟ ಉತ್ತರಗಳು ಗೊತ್ತಾಗದಂತೆ ಬರುತ್ತವೆ. ಆ ಅಂಕಕ್ಕೂ ತಾವು ಕೊಟ್ಟ ಅಂಕಕ್ಕೂ ಅಂತರ ಹೆಚ್ಚಿದರೆ ಮೌಲ್ಯಮಾಪಕರನ್ನೇ ತಡೆಹಿಡಿಯುತ್ತಾರೆ. ಎಷ್ಟು ಅಂಕಕ್ಕೆ ಯಾವ ದರ್ಜೆ ಎಂಬ ಗಡಿ ನಿಗದಿಯಾಗುವುದು ತಿದ್ದಿದ್ದೆಲ್ಲ ಮುಗಿದ ಮೇಲೆ. ಈಟನ್ ಶಾಲೆಯ ಹುಡುಗನ ಹಾಳೆಯೂ ಲಿವರ್‌ಪೂಲಿನ ಸರ್ಕಾರಿ ಶಾಲೆಯ ಹುಡುಗಿಯ ಹಾಳೆಯೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ.

ಅಮೆರಿಕದ ಹೈಸ್ಕೂಲ್ ಡಿಪ್ಲೊಮಾದ ಕಥೆ ಬೇರೆಯೇ. ಶಿಕ್ಷಣ ಅಲ್ಲಿ ರಾಜ್ಯಗಳ ಕೈಯಲ್ಲಿದೆ. ಶಾಲೆಗಳನ್ನು ನಡೆಸುವುದು ಹದಿಮೂರು ಸಾವಿರಕ್ಕೂ ಹೆಚ್ಚು ಸ್ಥಳೀಯ ಜಿಲ್ಲಾ ಮಂಡಳಿಗಳು. ಇಡೀ ದೇಶಕ್ಕೆ ಅನ್ವಯಿಸುವ ಪಠ್ಯಕ್ರಮವಿಲ್ಲ, ದೇಶವೆಲ್ಲ ಬರೆಯುವ ಅಂತಿಮ ಪರೀಕ್ಷೆಯಿಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ನಾಲ್ಕು ವರ್ಷ ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಓದುತ್ತಾ, ಪಾಠ ಹೇಳಿದ ಅಧ್ಯಾಪಕರೇ ಕೊಡುವ ದರ್ಜೆಗಳನ್ನು ಕೂಡಿಸುತ್ತಾ ಹೋಗುತ್ತಾರೆ. ಅದರ ಸರಾಸರಿಯೇ ಜಿಪಿಎ. ಮ್ಯಾಸಚೂಸೆಟ್ಸಿನ ಒಂದು ಊರಿನ 3.9 ಮತ್ತು ಮಿಸಿಸಿಪಿಯ ಒಂದು ಊರಿನ 3.9 ಒಂದೇ ತೂಕದವೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಈ ಕೊರತೆ ತುಂಬಲೆಂದೇ 1926ರಲ್ಲಿ ಸ್ಯಾಟ್, 1959ರಲ್ಲಿ ಎಸಿಟಿ ಎಂಬ ಪರೀಕ್ಷೆಗಳು ಬಂದವು. ಈಗಿನ ಡಿಜಿಟಲ್ ಸ್ಯಾಟ್‌ನಲ್ಲಿ ಎರಡು ಗಂಟೆ ಹದಿನಾಲ್ಕು ನಿಮಿಷದಲ್ಲಿ ಓದು ಬರಹದ 54, ಗಣಿತದ 44 ಪ್ರಶ್ನೆಗಳು. ಇವಲ್ಲದೆ ಕಾಲೇಜು ಮಟ್ಟದ ಪಾಠವನ್ನು ಹೈಸ್ಕೂಲಿನಲ್ಲೇ ಓದಿ, ಹೊರಗಿನವರು ತಿದ್ದುವ ಪರೀಕ್ಷೆ ಬರೆದು ಒಂದರಿಂದ ಐದರವರೆಗೆ ಅಂಕ ಪಡೆಯುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಎಪಿ ಇದೆ. 1950ರ ದಶಕದಲ್ಲಿ ಆರಂಭವಾದ ಇದು ಅಮೆರಿಕದಲ್ಲಿ ಎ-ಲೆವೆಲ್‌ಗೆ ಅತಿ ಹತ್ತಿರದ್ದು. ಬ್ರಿಟನ್ನಿನ ಆಯ್ದ ವಿಶ್ವವಿದ್ಯಾಲಯಗಳು ಅಮೆರಿಕದ ವಿದ್ಯಾರ್ಥಿಗಳ ಡಿಪ್ಲೊಮಾ ಒಂದನ್ನೇ ಸಾಕೆನ್ನುವುದಿಲ್ಲ, ಎಪಿಯಲ್ಲಿ ನಾಲ್ಕು ಐದು ಅಂಕ ತನ್ನಿ ಎನ್ನುತ್ತವೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಒಳ್ಳೆಯ ಎ-ಲೆವೆಲ್ ದರ್ಜೆಗೆ ಮೊದಲ ವರ್ಷದ ಕೆಲವು ಕ್ರೆಡಿಟ್‌ಗಳನ್ನೇ ಬಿಟ್ಟುಕೊಡುತ್ತವೆ. ಯಾವುದಕ್ಕೆ ಯಾವುದು ಸಮ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಇಷ್ಟೇ ಉತ್ತರ.

ಆದರೆ ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳು ಈ ಅಂಕಗಳಲ್ಲಿ ಯಾವುದನ್ನೂ ಅಂತಿಮವೆಂದು ಒಪ್ಪುವುದಿಲ್ಲ. ಜಿಪಿಎ, ಸ್ಯಾಟ್, ಅಧ್ಯಾಪಕರ ಶಿಫಾರಸು, ಶಾಲಾ ಕೌನ್ಸೆಲರ್ ಪತ್ರ, 650 ಪದಗಳ ಪ್ರಬಂಧ, ಆಟ, ಸಂಗೀತ, ಸಮಾಜಸೇವೆ ಎಲ್ಲ ಸೇರಿದ ಕಡತವೊಂದು ತಯಾರಾಗುತ್ತದೆ. ಇಡೀ ವ್ಯಕ್ತಿತ್ವವನ್ನು ನೋಡುತ್ತೇವೆ ಎಂದು ಅವರು ಹೇಳುವಾಗ ಕೇಳಲು ಹಿತವಾಗಿರುತ್ತದೆ. ಈ ಪದ್ಧತಿ ಹುಟ್ಟಿದ್ದು ಹೇಗೆಂಬುದು ಮಾತ್ರ ಹಿತವಾದ ಕಥೆಯಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹಾರ್ವರ್ಡಿಗೂ ಪ್ರವೇಶ ಪರೀಕ್ಷೆಯೇ ದಾರಿಯಾಗಿತ್ತು. ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು ಆ ಪರೀಕ್ಷೆಯನ್ನು ಚೆನ್ನಾಗಿ ಬರೆದರು. 1922ರ ಹೊತ್ತಿಗೆ ಹೊಸ ವಿದ್ಯಾರ್ಥಿಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಯಹೂದಿಗಳಾಗಿದ್ದರು. ವಿಶ್ವವಿದ್ಯಾಲಯದ ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಇದು ಸಹನೆಯಾಗಲಿಲ್ಲ. ನೇರ ಮಿತಿ ಹೇರುವ ಅವರ ಸಲಹೆಯನ್ನು ಬೋಧಕವರ್ಗ ತಿರಸ್ಕರಿಸಿತು. ಆಗ ಬಂದದ್ದೇ ಶೀಲ, ನಾಯಕತ್ವ, ಊರು, ಭಾವಚಿತ್ರ, ಸಂದರ್ಶನ. 1926ರಿಂದ ಅರ್ಜಿಯನ್ನು ಹೀಗೆ ತೂಗತೊಡಗಿದ ಮೇಲೆ ಯಹೂದಿ ವಿದ್ಯಾರ್ಥಿಗಳ ಪಾಲು ತೀವ್ರವಾಗಿ ಇಳಿಯಿತು. ಸಮಾಜಶಾಸ್ತ್ರಜ್ಞ ಜೆರೋಮ್ ಕರಾಬೆಲ್ 2005ರ ತಮ್ಮ ‘ದಿ ಚೋಸನ್’ ಗ್ರಂಥದಲ್ಲಿ ಇದನ್ನು ದಾಖಲೆ ಸಮೇತ ಬಿಡಿಸಿಟ್ಟಿದ್ದಾರೆ. ಅಂಕವನ್ನು ಮರೆಮಾಚಲಾಗದು, ‘ಶೀಲ’ವನ್ನು ಹೇಗೆ ಬೇಕಾದರೂ ಅಳೆಯಬಹುದು. ಮುಖ ನೋಡಿ ಮಣೆ ಹಾಕಬೇಕೆಂದವರಿಗೆ ಪರೀಕ್ಷೆ ಅಡ್ಡಿಯಾಗಿತ್ತು, ಅಷ್ಟೇ.

ಹುಟ್ಟಿನ ದೋಷವನ್ನು ಎತ್ತಿ ಹಿಡಿದು ಇಂದಿನ ಪದ್ಧತಿಯನ್ನು ಅಲ್ಲಗಳೆಯುವುದು ನ್ಯಾಯವಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಸ್ಯಾಟ್‌ನ ಹುಟ್ಟೂ ಅಷ್ಟೇನೂ ಶುದ್ಧವಲ್ಲ: ಅದನ್ನು ರೂಪಿಸಿದ ಕಾರ್ಲ್ ಬ್ರಿಗಮ್ 1923ರಲ್ಲಿ ಜನಾಂಗಗಳ ಬುದ್ಧಿಮಟ್ಟದ ಬಗ್ಗೆ ಬರೆದ ಪುಸ್ತಕ ವರ್ಣಭೇದದಿಂದ ತುಂಬಿತ್ತು, ಏಳು ವರ್ಷದ ನಂತರ ಅವರೇ ಅದರ ತೀರ್ಮಾನಗಳನ್ನು ಹಿಂತೆಗೆದುಕೊಂಡರು. ಹಾಗಾಗಿ ಹುಟ್ಟನ್ನು ಬಿಟ್ಟು ಇವತ್ತಿನ ನಡವಳಿಕೆಯನ್ನೇ ನೋಡೋಣ. ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್ ಮತ್ತು ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹನ್ನೆರಡು ಅತಿ ಪ್ರತಿಷ್ಠಿತ ಖಾಸಗಿ ವಿಶ್ವವಿದ್ಯಾಲಯಗಳನ್ನು ಪರಿಶೀಲಿಸಿತು. ಸ್ಯಾಟ್ ಅಥವಾ ಎಸಿಟಿಯಲ್ಲಿ ಒಂದೇ ಅಂಕ ಪಡೆದ ಮಕ್ಕಳನ್ನು ಹೋಲಿಸಿದರೂ, ಅತ್ಯಂತ ಶ್ರೀಮಂತ ಶೇಕಡ ಒಂದರ ಮನೆಗಳ ಮಕ್ಕಳು ಮಧ್ಯಮವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಹೆಚ್ಚು ಪ್ರಮಾಣದಲ್ಲಿ ಅಲ್ಲಿಗೆ ಸೇರುತ್ತಿದ್ದರು. ಅದಕ್ಕೆ ಅವರು ಕಂಡುಕೊಂಡ ಮುಖ್ಯ ಕಾರಣಗಳು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ, ಕ್ರೀಡಾಪಟುಗಳ ನೇಮಕ, ಮತ್ತು ಓದಿಗೆ ಸಂಬಂಧಿಸದ ಗುಣಗಳಿಗೆ ಕೊಡುವ ಅಂಕ. ಅದೇ ಅಧ್ಯಯನದಲ್ಲಿ ರಾಜ್ಯಗಳ ಪ್ರಮುಖ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಶ್ರೀಮಂತಿಕೆಗೆ ಇಂಥ ಲಾಭ ಕಾಣಲಿಲ್ಲ. ಎಲ್ಲಿ ಕಡತ ದಪ್ಪವಾಗಿ, ತೀರ್ಮಾನ ಗುಟ್ಟಾಗಿ ನಡೆಯುತ್ತದೋ ಅಲ್ಲಿ ಉಳ್ಳವರು ಮುಂದೆ ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳ ಸಾಕ್ಷಿ ಬೇಕಿಲ್ಲ. ಇನ್ನು ಕೌನ್ಸೆಲರ್ ಪತ್ರದ ಮಾತು. ಒಬ್ಬ ಕೌನ್ಸೆಲರಿಗೆ 250 ಮಕ್ಕಳಿಗಿಂತ ಹೆಚ್ಚು ಇರಬಾರದೆಂದು ಅವರ ವೃತ್ತಿಸಂಘವೇ ಹೇಳುತ್ತದೆ. ದೇಶದ ಸರಾಸರಿ ಅದನ್ನು ಎಷ್ಟೋ ಮೀರಿದೆ. ನೂರಾರು ಮಕ್ಕಳ ಹೊಣೆ ಹೊತ್ತವರು ಒಬ್ಬೊಬ್ಬರ ವ್ಯಕ್ತಿತ್ವವನ್ನು ಹೇಗೆ ಬಣ್ಣಿಸಿಯಾರು? ದುಬಾರಿ ಖಾಸಗಿ ಶಾಲೆಯ ಕೌನ್ಸೆಲರ್ ಮಾತ್ರ ಪ್ರತಿ ಮಗುವಿಗೂ ಸಾವಕಾಶವಾಗಿ ಒಂದು ಪುಟ ಬರೆಯಬಲ್ಲರು.

ಇಲ್ಲಿ ಎದುರಾಗುವ ದೊಡ್ಡ ಆಕ್ಷೇಪವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಪರೀಕ್ಷೆಯೂ ಹಣವಂತರ ಪರವೇ ಅಲ್ಲವೇ? ಮನೆಪಾಠ, ಕೋಚಿಂಗ್, ಓದಲು ಸದ್ದಿಲ್ಲದ ಕೋಣೆ, ಮನೆತುಂಬ ಪುಸ್ತಕ ಎಲ್ಲವೂ ಅಂಕವಾಗಿ ಮಾರ್ಪಡುತ್ತವೆ. ನಿಜ, ಇದನ್ನು ಯಾವ ಪ್ರಾಮಾಣಿಕ ಬರಹಗಾರನೂ ನಿರಾಕರಿಸಲಾರ. ಇಂಗ್ಲೆಂಡಿನ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ಶೇಕಡ ಏಳರಷ್ಟು. ಆಕ್ಸ್‌ಫರ್ಡಿಗೆ ಸೇರುವ ಬ್ರಿಟಿಷ್ ವಿದ್ಯಾರ್ಥಿಗಳಲ್ಲಿ ಅವರ ಪಾಲು ಸುಮಾರು ಮೂರರಲ್ಲೊಂದು. ಆದರೆ ಪರೀಕ್ಷೆಯನ್ನು ಹೋಲಿಸಬೇಕಾದದ್ದು ಆದರ್ಶದೊಂದಿಗಲ್ಲ, ಅದನ್ನು ತೆಗೆದರೆ ಆ ಜಾಗಕ್ಕೆ ಬರುವ ವಸ್ತುವಿನೊಂದಿಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ ಅರವತ್ತು ಸಾವಿರ ಅರ್ಜಿಗಳ ಪ್ರಬಂಧಗಳನ್ನು ಸ್ಟ್ಯಾನ್‌ಫರ್ಡಿನ ಸಂಶೋಧಕರು ಕಂಪ್ಯೂಟರ್ ಸಹಾಯದಿಂದ ವಿಶ್ಲೇಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯ ಆದಾಯದೊಂದಿಗೆ ಸ್ಯಾಟ್ ಅಂಕಕ್ಕಿರುವ ನಂಟಿಗಿಂತ ಪ್ರಬಂಧದ ವಸ್ತುವಿಗಿರುವ ನಂಟು ಇನ್ನೂ ಬಲವಾಗಿತ್ತು. ಬೇಸಿಗೆಯಲ್ಲಿ ಪರದೇಶಕ್ಕೆ ಹೋಗಿ ಸೇವೆ ಮಾಡಿದ್ದನ್ನು ಬರೆಯಲು ಮೊದಲು ಅಲ್ಲಿಗೆ ಹೋಗುವ ಶಕ್ತಿ ಬೇಕು. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಾಪಕರ ಕಾರ್ಯಪಡೆ 2020ರಲ್ಲಿ ಸ್ಯಾಟ್ ಉಳಿಸಿಕೊಳ್ಳುವುದೇ ಮೇಲು ಎಂದು ವರದಿ ಕೊಟ್ಟಿತ್ತು. ಮೊದಲ ವರ್ಷದ ಓದನ್ನು ಅದು ಜಿಪಿಎಗಿಂತ ಚೆನ್ನಾಗಿ ಮುನ್ಸೂಚಿಸುತ್ತದೆ ಎಂಬುದು ಅದರ ಒಂದು ಕಾರಣ. ಆಡಳಿತ ಮಂಡಳಿ ಆ ಮಾತನ್ನು ಬದಿಗಿಟ್ಟು ಪರೀಕ್ಷೆಯನ್ನು ಕೈಬಿಟ್ಟಿತು. ಸಾಂಕ್ರಾಮಿಕದ ಕಾಲದಲ್ಲಿ ಪರೀಕ್ಷೆಯನ್ನು ಐಚ್ಛಿಕವಾಗಿಸಿದ್ದ ಎಂಐಟಿ 2022ರಲ್ಲಿ, ಡಾರ್ಟ್ಮತ್ ಮತ್ತು ಹಾರ್ವರ್ಡ್ 2024ರಲ್ಲಿ ಅದನ್ನು ಮರಳಿ ಕಡ್ಡಾಯ ಮಾಡಿದವು. ಡಾರ್ಟ್ಮತ್ ಅಧ್ಯಯನದ ಒಂದು ಅಂಶ ನನ್ನನ್ನು ಬಹಳ ಕಾಡಿತು. ಬಡ ಹಿನ್ನೆಲೆಯ ಎಷ್ಟೋ ಮಕ್ಕಳು ತಮ್ಮ ಅಂಕ ಕಡಿಮೆಯೆಂದು ಭಾವಿಸಿ ಮುಚ್ಚಿಟ್ಟಿದ್ದರು. ಅವರು ಬಂದ ಶಾಲೆಯನ್ನು ನೋಡಿದರೆ ಅದೇ ಅಂಕ ಅವರಿಗೆ ಸೀಟು ತಂದುಕೊಡಬಹುದಿತ್ತು. ಕರುಣೆಯಿಂದ ಮಾಡಿದ ಸಡಿಲಿಕೆ ಯಾರಿಗಾಗಿ ಮಾಡಿದ್ದೋ ಅವರಿಗೇ ಮುಳುವಾಯಿತು.

ಸಂದರ್ಭ ನೋಡಬಾರದು ಎಂಬುದು ಇದರ ಅರ್ಥವಲ್ಲ. ಅಂಕವನ್ನು ಸಂದರ್ಭದಲ್ಲಿಟ್ಟು ಓದಬಹುದು, ಅದಕ್ಕೆ ಬಹಿರಂಗ ನಿಯಮವಿರಬೇಕು. ಬ್ರಿಸ್ಟಲ್ ವಿಶ್ವವಿದ್ಯಾಲಯ ಹಿಂದುಳಿದ ಶಾಲೆ, ಪ್ರದೇಶಗಳಿಂದ ಬರುವ ಅರ್ಜಿದಾರರಿಗೆ ಕೇಳುವ ಎ-ಲೆವೆಲ್ ದರ್ಜೆಯನ್ನೇ ಇಳಿಸುತ್ತದೆ. ಯಾರಿಗೆ, ಎಷ್ಟು ಎಂಬುದು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಟೆಕ್ಸಸ್ ರಾಜ್ಯ 1997ರಲ್ಲಿ ಕಾನೂನು ಮಾಡಿ, ರಾಜ್ಯದ ಪ್ರತಿ ಹೈಸ್ಕೂಲಿನ ಮೊದಲ ಶೇಕಡ ಹತ್ತು ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಿತು. ಎರಡೂ ಸೂತ್ರಗಳಲ್ಲಿ ಲೋಪಗಳಿವೆ, ಆದರೆ ಲೋಪ ಕಣ್ಣಿಗೆ ಕಾಣುತ್ತದೆ, ಪ್ರಶ್ನಿಸಬಹುದು. ಮುಚ್ಚಿದ ಕೋಣೆಯಲ್ಲಿ ಓದಿದ ಪ್ರಬಂಧವನ್ನು ಯಾವ ಆಧಾರದ ಮೇಲೆ ಪ್ರಶ್ನಿಸುವುದು?

ಪರೀಕ್ಷೆಯ ಮೇಲಿನ ಇನ್ನೊಂದು ಆಕ್ಷೇಪ ಅದರ ಅಂಕವೇ ನಿಖರವಲ್ಲ ಎಂಬುದು. ಇದಕ್ಕೆ ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ತಾನೇ ಪುರಾವೆ ಒದಗಿಸಿದೆ. ಮುಖ್ಯ ಪರೀಕ್ಷಕರು ತಿದ್ದಿದ್ದರೆ ಬರುತ್ತಿದ್ದ ದರ್ಜೆಯೇ ಮಗುವಿಗೆ ಬರುವ ಸಾಧ್ಯತೆ ಎಷ್ಟು ಎಂದು 2018ರಲ್ಲಿ ಅದು ಲೆಕ್ಕ ಹಾಕಿದಾಗ, ಗಣಿತದಲ್ಲಿ ನೂರಕ್ಕೆ 96, ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯದಲ್ಲಿ ಕೇವಲ 52 ಎಂದು ಬಂತು. ಪ್ರಬಂಧ ರೂಪದ ಉತ್ತರಗಳಲ್ಲಿ ಇಬ್ಬರು ಒಳ್ಳೆಯ ಓದುಗರು ಭಿನ್ನಾಭಿಪ್ರಾಯ ಹೊಂದುವುದು ಸಹಜ; ಆದರೂ ಈ 52 ನೆಮ್ಮದಿ ಕೊಡುವ ಸಂಖ್ಯೆಯಲ್ಲ. ಒಂದೇ ದರ್ಜೆಯ ಅಂತರಕ್ಕೆ ಸೀಟು ತಪ್ಪಿಸುವ ವಿಶ್ವವಿದ್ಯಾಲಯಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಹಾಗಿದ್ದೂ ನಾನು ಪರೀಕ್ಷೆಯ ಪರವಾಗಿಯೇ ನಿಲ್ಲುತ್ತೇನೆ. ಮೌಲ್ಯಮಾಪಕರ ತಪ್ಪಿಗೆ ದಿಕ್ಕಿಲ್ಲ. ಅದು ಶ್ರೀಮಂತನಿಗೂ ಬಡವನಿಗೂ ಒಂದೇ ಪ್ರಮಾಣದಲ್ಲಿ ತಗಲುತ್ತದೆ, ಮರುಮೌಲ್ಯಮಾಪನ ಕೇಳಬಹುದು, ಎಷ್ಟು ತಪ್ಪಾಗಿದೆಯೆಂದು ಅಳೆಯಬಹುದು. ಶಿಫಾರಸು ಪತ್ರದ ತಪ್ಪಿಗೆ ದಿಕ್ಕಿದೆ, ಅಳತೆಯಿಲ್ಲ.

ಇಷ್ಟೆಲ್ಲ ಒಳ್ಳೆಯ ಸಾಧನವನ್ನು ಕೈಯಲ್ಲಿಟ್ಟುಕೊಂಡು ಬ್ರಿಟನ್ ಮಾಡಿಕೊಂಡಿರುವುದೇನು? ಅಲ್ಲಿನ ವಿದ್ಯಾರ್ಥಿಗಳು ಯುಕಾಸ್ ಎಂಬ ಕೇಂದ್ರೀಯ ವ್ಯವಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. ಆಕ್ಸ್‌ಫರ್ಡ್, ಕೇಂಬ್ರಿಜ್, ವೈದ್ಯಕೀಯಕ್ಕಾದರೆ ಅಕ್ಟೋಬರಿನಲ್ಲಿ, ಉಳಿದವಕ್ಕೆ ಜನವರಿಯಲ್ಲಿ ಗಡುವು. ಪರೀಕ್ಷೆ ಮೇ–ಜೂನ್, ಫಲಿತಾಂಶ ಆಗಸ್ಟ್. ಹಾಗಾಗಿ ವಿಶ್ವವಿದ್ಯಾಲಯಗಳು ನೋಡುವುದು ಮಗುವಿಗೆ ಇಂಥ ದರ್ಜೆ ಬರಬಹುದು ಎಂಬ ಅಧ್ಯಾಪಕರ ಅಂದಾಜನ್ನು. ಅದರ ಮೇಲೆ ಷರತ್ತಿನ ಸೀಟು ಸಿಗುತ್ತದೆ. ಆಗಸ್ಟಿನಲ್ಲಿ ಷರತ್ತು ಈಡೇರಿದರೆ ಉಂಟು, ಇಲ್ಲದಿದ್ದರೆ ಉಳಿದ ಸೀಟುಗಳಿಗಾಗಿ ‘ಕ್ಲಿಯರಿಂಗ್’ ಎಂಬ ಪರದಾಟ. ಈ ಅಂದಾಜು ಎಷ್ಟು ನಂಬಿಕೆಗೆ ಅರ್ಹ? ಲಂಡನ್ನಿನ ಸಂಶೋಧಕಿ ಗಿಲ್ ವೈನೆಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವಿಷಯಗಳ ಒಟ್ಟು ಅಂದಾಜು ಸರಿಯಾಗಿದ್ದದ್ದು ಶೇಕಡ 16 ಅರ್ಜಿದಾರರಿಗೆ ಮಾತ್ರ; ಶೇಕಡ 75ರಷ್ಟು ಮಂದಿಗೆ ಬರಬೇಕಾದದ್ದಕ್ಕಿಂತ ಮೇಲಿನ ದರ್ಜೆ ಊಹಿಸಲಾಗಿತ್ತು. ಊಹೆ ಕೆಳಮುಖವಾದಾಗ ಅದರ ಪೆಟ್ಟು ಬೀಳುತ್ತಿದ್ದದ್ದು ಹೆಚ್ಚಾಗಿ ಚೆನ್ನಾಗಿ ಓದುವ ಬಡ ಮಕ್ಕಳ ಮೇಲೆ. ನಿಜವಾದ ಸಾಮರ್ಥ್ಯಕ್ಕಿಂತ ಕಡಿಮೆ ಅಂದಾಜು ಸಿಕ್ಕ ಹುಡುಗಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಆಗಸ್ಟಿನಲ್ಲಿ ಮೂರೂ ವಿಷಯಕ್ಕೆ ‘ಎ’ ಬಂದಾಗ ಆ ಬಾಗಿಲುಗಳು ಮುಚ್ಚಿ ಬಹಳ ಕಾಲವಾಗಿರುತ್ತದೆ.

ಊಹೆಗೆ ಯಂತ್ರದ ಬಲ ಸಿಕ್ಕರೆ ಏನಾಗುತ್ತದೆಂಬುದನ್ನು 2020ರ ಆಗಸ್ಟ್ ತೋರಿಸಿತು. ಕೊರೊನಾದಿಂದ ಪರೀಕ್ಷೆ ರದ್ದಾದಾಗ ಆಫ್‌ಕ್ವಾಲ್ ಒಂದು ಸೂತ್ರ ರೂಪಿಸಿತು: ಅಧ್ಯಾಪಕರು ತರಗತಿಯ ಮಕ್ಕಳನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಜೋಡಿಸಬೇಕು, ಆ ಶಾಲೆಗೆ ಹಿಂದಿನ ವರ್ಷಗಳಲ್ಲಿ ಯಾವ ದರ್ಜೆಗಳು ಬಂದಿದ್ದವೋ ಅವನ್ನು ಈ ಸಾಲಿನ ಮೇಲೆ ಹಂಚಬೇಕು. ಇಂಗ್ಲೆಂಡಿನಲ್ಲಿ ಅಧ್ಯಾಪಕರು ಕೊಟ್ಟಿದ್ದ ದರ್ಜೆಗಳಲ್ಲಿ ಶೇಕಡ 40ರ ಹತ್ತಿರ ಕೆಳಗಿಳಿದವು. ಹಿಂದೆ ಯಾರೂ ಅತ್ಯುನ್ನತ ದರ್ಜೆಯಾದ ‘ಎ’ ಸ್ಟಾರ್ ಪಡೆಯದ ಶಾಲೆಯಲ್ಲಿ ಈ ವರ್ಷ ಅದ್ಭುತ ವಿದ್ಯಾರ್ಥಿನಿ ಒಬ್ಬಳಿದ್ದರೆ ಸೂತ್ರಕ್ಕೆ ಅವಳನ್ನು ಗುರುತಿಸುವ ದಾರಿಯೇ ಇರಲಿಲ್ಲ. ಬಹಳ ಚಿಕ್ಕ ತರಗತಿಗಳಿಗೆ ಸೂತ್ರ ಅನ್ವಯಿಸದೆ ಅಧ್ಯಾಪಕರ ದರ್ಜೆಯನ್ನೇ ಉಳಿಸಿದ್ದರಿಂದ, ಚಿಕ್ಕ ತರಗತಿಗಳಿರುವ ಖಾಸಗಿ ಶಾಲೆಗಳಿಗೆ ಲಾಭವಾಯಿತು. ಮಕ್ಕಳು ಬೀದಿಗಿಳಿದರು. ಆಗಸ್ಟ್ 13ಕ್ಕೆ ಬಂದ ಫಲಿತಾಂಶವನ್ನು ಸರ್ಕಾರ 17ಕ್ಕೆ ಹಿಂಪಡೆದು ಅಧ್ಯಾಪಕರ ದರ್ಜೆಯನ್ನೇ ಒಪ್ಪಿಕೊಂಡಿತು. ಪರೀಕ್ಷೆಯನ್ನು ಕ್ರೂರವೆಂದು ಬೈಯುತ್ತಿದ್ದ ಎಷ್ಟೋ ಮಂದಿಗೆ ಅದು ಕೊಡುತ್ತಿದ್ದ ಹಕ್ಕು ಯಾವುದೆಂದು ಆ ವಾರ ಅರಿವಾಗಿರಬೇಕು. ನಿನ್ನ ಶಾಲೆಯ ಚರಿತ್ರೆ ಏನೇ ಇರಲಿ, ನೀನು ಬರೆದದ್ದು ನಿನ್ನದು ಎಂಬ ಹಕ್ಕು ಅದು.

ಫಲಿತಾಂಶ ಬಂದ ಮೇಲೆ ಅರ್ಜಿ ಹಾಕುವ ವ್ಯವಸ್ಥೆ ಬರಲಿ ಎಂದು ಸ್ಟೀವನ್ ಶ್ವಾರ್ಟ್ಜ್ ನೇತೃತ್ವದ ಸಮಿತಿ 2004ರಲ್ಲೇ ಹೇಳಿತ್ತು. ಸರ್ಕಾರ 2021ರಲ್ಲಿ ಮತ್ತೆ ಸಾರ್ವಜನಿಕರ ಅಭಿಪ್ರಾಯ ಕೇಳಿ, ಮರುವರ್ಷ ಫೆಬ್ರವರಿಯಲ್ಲಿ ಯೋಜನೆಯನ್ನು ಕೈಬಿಟ್ಟಿತು. ಆಗಸ್ಟಿಗೂ ಶೈಕ್ಷಣಿಕ ವರ್ಷದ ಆರಂಭಕ್ಕೂ ನಡುವೆ ಸಮಯ ಸಾಲದು, ಸಂದರ್ಶನ ಯಾವಾಗ, ರಜೆಯಲ್ಲಿ ಮಕ್ಕಳಿಗೆ ಸಲಹೆ ಕೊಡುವವರು ಯಾರು ಎಂಬ ತಕರಾರುಗಳು ಹುರುಳಿಲ್ಲದವೇನಲ್ಲ. ಪರೀಕ್ಷೆಯನ್ನು ಕೆಲವು ವಾರ ಮುಂಚೆ, ಮೊದಲ ವರ್ಷದ ತರಗತಿಗಳನ್ನು ಕೆಲವು ವಾರ ತಡವಾಗಿ ಇಟ್ಟರೆ ಇವುಗಳಲ್ಲಿ ಬಹುಪಾಲು ಬಗೆಹರಿಯುತ್ತವೆ. ಇಪ್ಪತ್ತು ವರ್ಷಗಳಿಂದ ಅದು ಆಗದಿರುವುದಕ್ಕೆ ಕ್ಯಾಲೆಂಡರ್ ಕಾರಣವೆಂದು ನಂಬುವುದು ನನಗೆ ಕಷ್ಟ. ಈಗಿರುವುದು ಸಂಸ್ಥೆಗಳಿಗೆ ಅನುಕೂಲಕರವಾಗಿದೆ, ಬದಲಾಯಿಸುವ ತೊಂದರೆ ಯಾರಿಗೂ ಬೇಕಿಲ್ಲ.

ಬ್ರಿಟಿಷ್ ಅರ್ಹತೆಯ ಮತ್ತೊಂದು ದೋಷ ಇದಕ್ಕಿಂತ ಆಳವಾದದ್ದು. ಹದಿನಾರಕ್ಕೆ ಮೂರು ವಿಷಯ ಆರಿಸಿಕೊಂಡ ಮಗು ಗಣಿತವನ್ನೋ ಭಾಷೆಯನ್ನೋ ಇತಿಹಾಸವನ್ನೋ ಅಂದೇ ಬಿಟ್ಟುಬಿಡುತ್ತದೆ. ಮೂರೇ ವರ್ಷದ ಪದವಿ, ಮೊದಲ ದಿನದಿಂದಲೇ ಒಂದೇ ವಿಷಯ ಎಂಬ ಇಂಗ್ಲಿಷ್ ವಿಶ್ವವಿದ್ಯಾಲಯಗಳ ಪದ್ಧತಿಗೆ ಈ ಇಕ್ಕಟ್ಟು ಬೇಕಾಗಿತ್ತು. ಐದು ವಿಷಯ ಇರಲಿ ಎಂದು 1988ರಲ್ಲಿ ಹಿಗಿನ್ಸನ್ ವರದಿ ಸೂಚಿಸಿತು, ಥ್ಯಾಚರ್ ಸರ್ಕಾರ ಒಪ್ಪಲಿಲ್ಲ. ಒಟ್ಟು ವ್ಯವಸ್ಥೆಯನ್ನೇ ಡಿಪ್ಲೊಮಾ ಆಗಿಸುವ 2004ರ ಟಾಮ್ಲಿನ್‌ಸನ್ ವರದಿಯನ್ನು ಬ್ಲೇರ್ ಸರ್ಕಾರ ಬದಿಗಿಟ್ಟಿತು. ರಿಷಿ ಸುನಕ್ 2023ರ ಅಕ್ಟೋಬರಿನಲ್ಲಿ ಘೋಷಿಸಿದ ಹೊಸ ಪ್ರಮಾಣಪತ್ರವನ್ನು ಮರುವರ್ಷ ಬಂದ ಲೇಬರ್ ಸರ್ಕಾರ ಕೈಬಿಟ್ಟಿತು. ಆಳವಾದ ಓದಿನ ಬೆಲೆ ನನಗೆ ಗೊತ್ತಿದೆ. ಎ-ಲೆವೆಲ್ ಗಣಿತ ಅಥವಾ ಭೌತಶಾಸ್ತ್ರ ಮುಗಿಸಿದ ಮಗುವಿಗೆ ಆ ವಿಷಯದಲ್ಲಿರುವ ಹಿಡಿತ ಸಾಮಾನ್ಯ ಅಮೆರಿಕನ್ ಡಿಪ್ಲೊಮಾದಿಂದ ಬರುವುದಿಲ್ಲ. ಆದರೆ ತನಗೇನು ಬೇಕೆಂದು ಹದಿನಾರಕ್ಕೇ ಖಚಿತವಾಗಿ ತಿಳಿದಿರುವ ಮಕ್ಕಳು ಹೆಚ್ಚಾಗಿ ಓದಿದವರ ಮನೆಯಲ್ಲೇ ಇರುತ್ತಾರೆ. ಆಯ್ಕೆಯ ವಯಸ್ಸು ಇಳಿದಷ್ಟೂ ಆರಿಸುವವರು ಮಕ್ಕಳಲ್ಲ, ತಂದೆತಾಯಿ.

ಅಮೆರಿಕದ ನಿಜವಾದ ಹಿರಿಮೆ ಇರುವುದು ಇಲ್ಲಿ. ಅಲ್ಲಿ ಪದವಿಯ ಎರಡನೇ ವರ್ಷದ ಕೊನೆಯವರೆಗೂ ಮುಖ್ಯ ವಿಷಯವನ್ನು ಆರಿಸದೇ ಇರಬಹುದು. ಹೈಸ್ಕೂಲಿನಲ್ಲಿ ಎಡವಿದವರಿಗೆ ಕಮ್ಯೂನಿಟಿ ಕಾಲೇಜುಗಳಿವೆ. ಕ್ಯಾಲಿಫೋರ್ನಿಯಾದ 1960ರ ಮಾಸ್ಟರ್ ಪ್ಲಾನ್ ಇದನ್ನು ರಾಜ್ಯದ ನೀತಿಯಾಗಿಯೇ ಬರೆದಿಟ್ಟಿತು: ಮೇಲಿನ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೂರನೇ ಒಂದು ಭಾಗದೊಳಗಿನವರಿಗೆ ಸ್ಟೇಟ್ ಕಾಲೇಜುಗಳು, ಉಳಿದ ಯಾರೇ ಬಂದರೂ ಕಮ್ಯೂನಿಟಿ ಕಾಲೇಜು, ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದರೆ ಮೂರನೇ ವರ್ಷಕ್ಕೆ ಬರ್ಕ್ಲಿ ಸೇರಲೂ ದಾರಿ. ಹದಿನೆಂಟರ ಮಾರ್ಕ್ಸ್‌ಕಾರ್ಡ್ ಇಪ್ಪತ್ತೆರಡರ ಯುವಕನ ಹಣೆಬರಹವಾಗಬಾರದು ಎಂಬ ನಂಬಿಕೆ ಅದರ ಹಿಂದಿದೆ. ಬ್ರಿಟನ್ನಿಗೆ ಇಂಥದ್ದು ತೀರ ಹೊಸದೂ ಅಲ್ಲ. ಯಾವ ಅರ್ಹತೆಯನ್ನೂ ಕೇಳದೆ ಸೇರಿಸಿಕೊಳ್ಳುವ ಓಪನ್ ಯೂನಿವರ್ಸಿಟಿಯನ್ನು 1969ರಲ್ಲಿ ಕಟ್ಟಿದ ದೇಶ ಅದು. ಆದರೆ ಬ್ರಿಟನ್ನಿನಲ್ಲಿ ಅದು ಪಕ್ಕದ ದಾರಿ, ಅಮೆರಿಕದಲ್ಲಿ ಹೆದ್ದಾರಿ. ಈ ಹೊಗಳಿಕೆಗೂ ಒಂದು ಉತ್ತರವಿದೆ, ಅದು ಕಹಿಯಾದದ್ದು: ಕಮ್ಯೂನಿಟಿ ಕಾಲೇಜು ಸೇರಿದವರಲ್ಲಿ ಆರು ವರ್ಷದೊಳಗೆ ಪೂರ್ಣ ಪದವಿ ಮುಟ್ಟುವವರು ಆರರಲ್ಲಿ ಒಬ್ಬರಷ್ಟೇ. ನಾಲ್ಕು ವರ್ಷದ ಕಾಲೇಜು ಸೇರಿದವರಲ್ಲೂ ಆರು ವರ್ಷದೊಳಗೆ ಮುಗಿಸುವವರು ಸುಮಾರು ಮೂವರಲ್ಲಿ ಇಬ್ಬರು. ಬಾಗಿಲು ತೆರೆದಿಟ್ಟು ಒಳಗೆ ಕೈಹಿಡಿಯುವವರನ್ನು ಇಡದಿದ್ದರೆ ಹೀಗಾಗುತ್ತದೆ. ಶುಲ್ಕ, ಹೊಟ್ಟೆಪಾಡಿನ ಕೆಲಸ, ಕ್ರೆಡಿಟ್ ವರ್ಗಾವಣೆಯ ಗೋಜಲುಗಳು ಅವರನ್ನು ಹಿಂದಕ್ಕೆ ಎಳೆಯುತ್ತವೆ. ಅದಕ್ಕೆ ಪರಿಹಾರ ಒಳಗಿನ ನೆರವನ್ನು ಹೆಚ್ಚಿಸುವುದು. ಬಾಗಿಲು ಮುಚ್ಚಿದರೆ ಆ ಆರರಲ್ಲಿ ಒಬ್ಬರೂ ಉಳಿಯುವುದಿಲ್ಲ.

ಕರ್ನಾಟಕದ ಓದುಗರಿಗೆ ಈ ಚರ್ಚೆ ದೂರದ್ದೆನಿಸಬೇಕಿಲ್ಲ. ಬೆಂಗಳೂರಿನ ಅನೇಕ ಶಾಲೆಗಳು ಕೇಂಬ್ರಿಜ್ ಎ-ಲೆವೆಲ್ ನಡೆಸುತ್ತವೆ. ಅಮೆರಿಕಕ್ಕೆ ಹೊರಟ ಮಕ್ಕಳು ಇಲ್ಲಿಂದಲೇ ಸ್ಯಾಟ್ ಬರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿಗಳ ಬೇರು ಇರುವುದು ಹೊರಗಿನವರು ಪ್ರಶ್ನೆ ಕೇಳಿ ಹೊರಗಿನವರೇ ತಿದ್ದುವ ಆ ಬ್ರಿಟಿಷ್ ಕಾಲದ ಮೆಟ್ರಿಕ್ಯುಲೇಷನ್ ಪದ್ಧತಿಯಲ್ಲೇ. ರಾಯಚೂರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ಜಯನಗರದ ಖಾಸಗಿ ಕಾಲೇಜಿನ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ ಎಂಬ ಮಾತಿನಲ್ಲಿ ಅನ್ಯಾಯ ಎಷ್ಟಿದ್ದರೂ ಒಂದು ಬಗೆಯ ಘನತೆಯೂ ಇದೆ. 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ರದ್ದಾದಾಗ ನಮ್ಮಲ್ಲೂ ಸೂತ್ರ ಬಂತು: ಎಸ್ಸೆಸ್ಸೆಲ್ಸಿಗೆ ಶೇಕಡ 45, ಪ್ರಥಮ ಪಿಯುಗೆ 45, ಆಂತರಿಕ ಮೌಲ್ಯಮಾಪನಕ್ಕೆ 10. ಅದು ಮಗುವಿನದೇ ಹಳೆಯ ಅಂಕಗಳಿಂದ ಕಟ್ಟಿದ್ದಾದ್ದರಿಂದ ಆಫ್‌ಕ್ವಾಲ್ ಸೂತ್ರದಷ್ಟು ಅನ್ಯಾಯದ್ದಾಗಿರಲಿಲ್ಲ. ಆದರೂ ಮರುವರ್ಷ ಸಿಇಟಿ ರ‍್ಯಾಂಕ್ ನಿಗದಿ ಮಾಡುವಾಗ ಆ ಬ್ಯಾಚಿನವರ ಪಿಯು ಅಂಕಗಳನ್ನು ಪರಿಗಣಿಸದೆ ಬಿಟ್ಟದ್ದು ಹೈಕೋರ್ಟ್ ಮೆಟ್ಟಿಲೇರಿತು. ಪರೀಕ್ಷೆ ಬರೆಯದೆ ಬಂದ ಅಂಕದ ಮೇಲೆ, ಅದನ್ನು ಕೊಟ್ಟ ವ್ಯವಸ್ಥೆಗೇ ಭರವಸೆ ಇರಲಿಲ್ಲ.

ನಮ್ಮಲ್ಲಿ ಒಂದು ಕ್ರಮ ಮಾತ್ರ ಲಂಡನ್ನಿನವರೂ ಗಮನಿಸುವಂಥದ್ದು. 2023–24ನೇ ಸಾಲಿನಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನು ನಡೆಸಿ, ಅವುಗಳಲ್ಲಿ ಬಂದ ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಬಿಡಲಾಗುತ್ತಿದೆ. ಮೌಲ್ಯಮಾಪಕರಿಗೆ, ಅಧ್ಯಾಪಕರಿಗೆ ಹೊರೆ ಹೆಚ್ಚಿದೆ ಎಂಬ ದೂರು ನ್ಯಾಯವಾದದ್ದು. ಅವರಿಗೆ ರಜೆ, ಸಂಭಾವನೆ ಎರಡನ್ನೂ ಸರಿಪಡಿಸಿಕೊಡಬೇಕು. ಬೇರೆ ಬೇರೆ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳ ಕಷ್ಟ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಳ್ಳುವುದೂ ಸುಲಭದ ಕೆಲಸವಲ್ಲ. ಆದರೆ ಮುಖ ನೋಡದೆ ತಿದ್ದುವ ಶಿಸ್ತನ್ನು ಬಿಡದೆಯೇ ಎರಡನೇ ಅವಕಾಶ ಕೊಡಬಹುದು ಎಂಬುದಕ್ಕೆ ಇದು ದಾರಿ. ಇಂಗ್ಲೆಂಡಿನಲ್ಲಿ ಜೂನ್ ತಿಂಗಳ ಆ ಒಂದು ದಿನ ಜ್ವರ ಬಂದು, ಮನೆಯಲ್ಲಿ ಸಾವಾಗಿ, ಅಥವಾ ಗಾಬರಿಯಲ್ಲಿ ಎಡವಿದ ಎ-ಲೆವೆಲ್ ವಿದ್ಯಾರ್ಥಿಗೆ ಮಂಡಳಿ ಅಲ್ಪಸ್ವಲ್ಪ ರಿಯಾಯಿತಿ ಅಂಕ ಕೊಡಬಹುದು. ಅದು ಸಾಲದಿದ್ದರೆ ಮತ್ತೆ ಬರೆಯಲು ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಹಾಗೆ ಒಂದು ವರ್ಷ ಮನೆಯಲ್ಲಿ ಕೂತು ಓದಲು ಯಾವ ಮನೆಯ ಮಕ್ಕಳಿಗೆ ಸಾಧ್ಯ, ಯಾವ ಮನೆಯ ಮಕ್ಕಳು ಸೆಪ್ಟೆಂಬರಿಗೆ ಸೂಪರ್‌ಮಾರ್ಕೆಟ್ಟಿನ ಕೆಲಸಕ್ಕೆ ಸೇರಿಕೊಳ್ಳುತ್ತಾರೆ ಎಂಬುದನ್ನು ಲಂಡನ್ನಿನ ಶಿಕ್ಷಣ ಇಲಾಖೆ ಇನ್ನಾದರೂ ಲೆಕ್ಕ ಹಾಕಿ ನೋಡಬೇಕು.